ಗದ್ದಿಗಿ ಒತ್ತುವರಿ

(ಭೋಜ. ದೂಧಗಂಗಾ, ವೇದಗಂಗಾ ಕೂಡುವ ಊರು. ಕಬ್ಬು ಕಡಿಯುವ ಹಂಗಾಮು. ಮಾತಾಡುವವರು ಇಬ್ಬರು: ನಿವೃತ್ತ ತಲಾಠಿ ಒಬ್ಬರು, ಬೆಳಗಾವಿಯಲ್ಲಿದ್ದು ಅನುವಾದ ಮಾಡುವ ಅವರ ಅಣ್ಣನ ಮಗಳು. ನಡುವೆ ಹರಡಿಕೊಂಡದ್ದು ಒಂದು ಉತಾರ, ಒಂದು ನಕಾಶೆ, ಆರಿಹೋದ ಚಹಾ.)

— ಕಾಕಾ, ಒಂದು ಶಬ್ದ ಬೇಕಾಗೈತ್ರಿ. ಎರಡು ದಿನ ಆತು, ಅದರಾಗಽ ಸಿಕ್ಕೊಂಡೀನಿ.

— ಮೂರು ಶಬ್ದಕೋಶ ಇಟ್ಟುಕೊಂಡು ಕುಂತೀದಿ. ತಲಾಠಿ ಹತ್ರ ಏನು ಸಿಗ್ತೈತಿ? ನಾ ಈ ನಕಾಶಾ ನೋಡಾಕತ್ತೀನಿ. ನಾಳೆ ಮುಂಜಾನೆ ಸರ್ವೇದವರು ಬರ್ತಾರ.

— ಯುರೋಪಿನ ಇತಿಹಾಸದ ಪುಸ್ತಕ ಒಂದು ಕನ್ನಡಕ್ಕ ತರಾಕತ್ತೀನಲ್ರಿ, ಅದರಾಗ ಹಾಳಿಗೊಮ್ಮೆ ‘ಯೂಸರ್ಪರ್’ ಅಂತ ಬರ್ತೈತಿ. ಹಕ್ಕಿಲ್ಲದವ ಗಾದಿ ಹಿಡಿದ್ರ ಅವಂಗ ಹಂಗಂತಾರ. ನಾವು ಏನಂತೀವಿ?

— ಮಹಾರಾಜ ಅಂತೀವಿ.

— ಚ್ಯಾಷ್ಟಿ ಬ್ಯಾಡ್ರಿ ಕಾಕಾ.

— ಚ್ಯಾಷ್ಟಿ ಅಲ್ಲ ಮಗಳ. ಗಾದಿ ಹಿಡಿಯೂತನಕ ಬಂಡುಗಾರ, ಹಿಡಿದ ಮ್ಯಾಲ ಮಹಾರಾಜ. ನಡುವ ಮತ್ತೊಂದು ಹೆಸರು ಇಡಾಕ ಯಾರಿಗೆ ಧೈರ್ಯ ಇತ್ತು? ಇರಲಿ, ನೀ ಏನು ಬರದೀ ಹೇಳು.

— ಮೊದಲು ‘ರಾಜ್ಯಾಪಹಾರಿ’ ಅಂತ ಬರೆದೆ. ಓದಿದ್ರ ಬಯಲಾಟದಾಗ ರಾಜಕುಮಾರಿನ್ನ ಎತ್ತಿಕೊಂಡು ಹೋಗೂ ರಾಕ್ಷಸನಂಗ ಕೇಳ್ತೈತಿ. ಅದನ್ನ ಹೊಡೆದು ಹಾಕಿ ‘ಅಧಿಕಾರ ಕಬಳಿಸಿದವನು’ ಅಂದೆ. ಅದು ಪೇಪರಿನ ಭಾಷಾ ಆತು. ಕೆರೆ ಕಬಳಿಸಿದವರು, ಗೋಮಾಳ ಕಬಳಿಸಿದವರು ನಿಂತ ಸಾಲಿನಾಗ ಚಕ್ರವರ್ತಿನೂ ನಿಂತಂಗ ಆತು. ‘ಆಕ್ರಮಣಕಾರ’ ಅಂದ್ರ ಹೊರಗಿಂದ ದಂಡು ತಗೊಂಡು ಬಂದವ. ಇವ ಮನಿಯಾಗಿನವ. ರಾಜನ ಕಾಕಾನೋ ಸೇನಾಪತಿನೋ ಆಗಿರ್ತಾನ.

— ಕಾಕಾನ ಮ್ಯಾಲ ಯಾಕ ಬಂದೀ?

— ನಾ ಬಂದಿಲ್ರಿ, ಐಹೊಳೆ ಶಾಸನ ಬಂದೈತಿ. 634ರಾಗ ರವಿಕೀರ್ತಿ ಬರೆಸಿದ್ದು, ಮೇಗುತಿ ಗುಡಿ ಗ್ವಾಡಿ ಮ್ಯಾಲ ಐತಿ. ಮಂಗಳೇಶ ತನ್ನ ಮಗನ ಸಲುವಾಗಿ ಗಾದಿ ಉಳಿಸಾಕ ಹೋಗಿ ರಾಜ್ಯಾನೂ ಕಳಕೊಂಡ, ಜೀವಾನೂ ಕಳಕೊಂಡ ಅಂತ. ಗೆದ್ದಾವ ಅಣ್ಣನ ಮಗ ಎರಡನೇ ಪುಲಕೇಶಿ. ಬರೆಸಿದ ರವಿಕೀರ್ತಿ ಪುಲಕೇಶಿಯ ಕವಿ.

— ನೋಡು ಮತ್ತ! ಮಂಗಳೇಶ ಗೆದ್ದಿದ್ರ ಅದಽ ಗ್ವಾಡಿ ಮ್ಯಾಲ ಮತ್ತೊಬ್ಬ ಕವಿ ಮತ್ತೊಂದು ಬರಿತಿದ್ದ. ಮನಿಯಾಗಿನ ಜಗಳಕ್ಕ ನಮ್ಮಲ್ಲಿ ಒಂದು ಶಬ್ದ ಕೆಟ್ಟೈತಿ, ಗೊತ್ತನ? ‘ದಾಯಾದಿ’. ದಾಯ ಅಂದ್ರ ಪಾಲು. ಪಾಲಿಗೆ ಹಕ್ಕಿದ್ದಾವ ದಾಯಾದ. ಈಗ ದಾಯಾದಿ ಅಂದ್ರ ವೈರಿ. ಕೋರ್ಟಿಗೆ ಅಡ್ಡಾಡಿ ಅಡ್ಡಾಡಿ ಆ ಶಬ್ದದ ಕಾಲು ಸವೆದಾವ.

— ಮರಾಠಿಯೊಳಗ ‘ಗಾದಿ ಬಳಕಾವಲಿ’ ಅಂತಾರಲ್ರಿ, ಅದು ಬಾಯಾಗ ಸರಳ ಕೂಡ್ತೈತಿ. ನಮ್ಮ ಓಣಿಯಾಗ ಅರ್ಧ ಮಂದಿ ಅದನ್ನಽ ಆಡ್ತಾರ.

— ಅದರಾಗ ‘ಬಳ’ ಐತಿ, ತೋಳಿನ ಬಲ. ಅವರು ತೋಳು ನೋಡಿದ್ರು, ನಾವು ಬಾಯಿ ನೋಡಿದ್ವಿ. ಕಬಳ ಅಂದ್ರ ತುತ್ತು. ಕಬಳಿಸೂದು, ನುಂಗೂದು, ಮುಕ್ಕೂದು, ಎಲ್ಲಾ ತಿನ್ನೂದಽ. ಲಂಚಕೋರ ಅಂತೀವಲ್ಲ, ಆ ‘ಕೋರ’ ಫಾರ್ಸಿ ‘ಖೋರ್’, ತಿನ್ನಾವ. ಅದನ್ನ ಕೂಡ ಹುಡುಕಿ ತಂದು ಕನ್ನಡಕ್ಕ ಹಚ್ಚಿ ಇಟ್ಟಾರ. ಬರಗಾಲ ಕಂಡ ಮಂದಿ ನಾವು. ಯಾರು ಏನು ತಗೊಂಡ್ರೂ ಮೊದಲು ತಿಂದಂಗ ಕಾಣ್ತೈತಿ.

— ‘ತೋತಯಾ’ ಅಂದ್ರ ನಡಿತೈತೇನ್ರಿ?

— ಅದು ಬ್ಯಾರೆ. 1761ರಾಗ ಪಾಣಿಪತದಾಗ ಸದಾಶಿವರಾವ ಭಾವೂ ಹ್ವಾದ. ಆಮ್ಯಾಲ ‘ನಾನಽ ಭಾವೂ’ ಅಂತ ಒಬ್ಬ ಎದ್ದ. ಮಂದಿನೂ ನಂಬಿದ್ರು. 1776ರಾಗ ಪುಣೆದವರು ಅವಂಗ ಮರಣದಂಡನೆ ಕೊಟ್ರು. ತೋತಯಾ ಬ್ಯಾರೆಯವನ ಮುಖ ಹಾಕ್ಕೊಂಡು ಬರ್ತಾನ. ನಿನ್ನ ಮನುಷ್ಯ ತನ್ನ ಮುಖದಿಂದಽ ಬರ್ತಾನಲ್ಲ. ಅದಿರಲಿ, ಆ ಇಂಗ್ಲಿಷ್ ಶಬ್ದದ ಬೇರು ಏನು?

— ಲ್ಯಾಟಿನ್. ‘ಊಸುಸ್’ ಅಂದ್ರ ಬಳಕೆ, ‘ರಾಪೆರೆ’ ಅಂದ್ರ ಕಸಿಯೂದು. ಬಳಸಿ ಬಳಸಿ ತನ್ನದು ಮಾಡಿಕೊಳ್ಳೂದು. ರೋಮಿನ ಕಾಯಿದೆಯೊಳಗ ಆಸ್ತಿ ವ್ಯವಹಾರದಾಗ ಬರ್ತಿತ್ತು. ಸಿಂಹಾಸನಕ್ಕ ಆಮ್ಯಾಲ ಹತ್ತಿದ್ದು.

— ಹಾಂ! ಹಂಗ ಹೇಳು. ಅದು ರಾಜರ ಶಬ್ದ ಅಲ್ಲ, ತಲಾಠಿ ದಫ್ತರಿನ ಶಬ್ದ. ಇದನ್ನ ನಾವು ‘ವಹಿವಾಟು’ ಅಂತೀವಿ. ‘ಹೊಲ ಅವರದು, ವಹಿವಾಟು ಇವರದು’. ಬಾ ಇಲ್ಲಿ, ಈ ಉತಾರ ನೋಡು. 9ನೇ ಕಲಂ, ಕಬ್ಜೆದಾರನ ಹೆಸರು. 12ನೇ ಕಲಂ, ಸಾಗುವಳಿ. ಯಾರ ಹೆಸರಲೆ ಹೊಲ ಐತಿ ಅಂತ 9 ಹೇಳ್ತೈತಿ, ಯಾರು ಉಳ್ತಾರ ಅಂತ 12 ಹೇಳ್ತೈತಿ. ಎರಡೂ ಕಲಂದಾಗ ಒಂದಽ ಹೆಸರು ಇದ್ರ ತಲಾಠಿ ರಾತ್ರಿ ನಿದ್ದಿ ಮಾಡ್ತಾನ. ಬ್ಯಾರೆ ಬ್ಯಾರೆ ಇದ್ರ ಮೂವತ್ತು ವರ್ಷ ನೌಕರಿ ತುಂಬ ಅದಽ ಜಗಳ. ನಿನ್ನ ಯೂಸರ್ಪರ್ ಅಂದ್ರ 12ನೇ ಕಲಂದಾಂವ, 9ನೇ ಕಲಂಗೆ ಕೈ ಚಾಚಿದಾಂವ.

— ಹಂಗಾದ್ರ ಹೈದರಾಲಿ?

— ಚಲೋ ಉದಾಹರಣೆ. 1761ರಿಂದ 1782ರತನಕ ಮೈಸೂರಿನ ಉತಾರ ತೆಗೆದಿದ್ರ 9ನೇ ಕಲಂದಾಗ ಒಡೆಯರ ಹೆಸರು, 12ನೇ ಕಲಂದಾಗ ಹೈದರನ ಹೆಸರು. ಅವ 9ಕ್ಕ ಕೈ ಹಚ್ಚಲಽ ಇಲ್ಲ. ದಸರಾಕ್ಕ ರಾಜನ್ನ ಸಿಂಹಾಸನದಾಗ ಕುಂದರಿಸಿ ಮಂದಿಗೆ ತೋರಿಸ್ತಿದ್ದ. ಆಮ್ಯಾಲ ರಾಜ ಅರಮನಿಗೆ, ಹೈದರ ದರಬಾರಿಗೆ.

— ಅವಂಗಿಂತ ಮುಂಚೆ ದಳವಾಯಿಗಳೂ ಹಂಗಽ ಮಾಡಿದ್ರಲ್ರಿ. ದೇವರಾಜಯ್ಯ, ನಂಜರಾಜಯ್ಯ. ಉಳೂದು ಇವರು, ಹೆಸರು ರಾಜಂದು. ನಂಜರಾಜಯ್ಯಗ ‘ಸರ್ವಾಧಿಕಾರಿ’ ಅಂತಿದ್ರು. ಅದು ಆಗ ಒಂದು ಹುದ್ದೆ, ದಿವಾನ, ಬಕ್ಷಿ ಅಂದಂಗ. ಹೈದರಗೂ ಅದಽ ಹೆಸರು ಬಂತು. ಈಗ ಸರ್ವಾಧಿಕಾರಿ ಅಂದ್ರ ಹಿಟ್ಲರ್. ಹುದ್ದೆಯ ಹೆಸರು ಬೈಗುಳ ಆತು. ಅದೂ ಎಷ್ಟು ಸಣ್ಣ ಅಂತರ ನೋಡ್ರಿ, ಸಾಹಿತ್ಯ ಸಮ್ಮೇಳನಕ್ಕ ‘ಸರ್ವಾಧ್ಯಕ್ಷ’ ಅಂದ್ರ ತೆರೆದ ಗಾಡಿಯಾಗ ಮೆರವಣಿಗೆ ಮಾಡ್ತಾರ, ‘ಸರ್ವಾಧಿಕಾರಿ’ ಅಂದ್ರ ಅದಽ ಮಂದಿ ಕಲ್ಲು ಒಗಿತಾರ.

— ಪಾಳೇಗಾರ ಅನ್ನೂದೂ ಹಂಗಽ ಇಳೀತು. ದಂಡು ಇಟ್ಟುಕೊಂಡು ಸೀಮೆ ಕಾಯಾವ ಪಾಳೇಗಾರ. ಈಗ ಊರಿನ ಪುಂಡಗ ಪಾಳೇಗಾರ ಅಂತಾರ. ಆದ್ರ ನೀ ಕೇಳಿದ್ದು ಹೈದರನ್ನಲ್ಲ. ಒಂದು ಕಾಯಿದೆ ಹೇಳ್ತೀನಿ ಕೇಳು. ಮುದ್ದತಿನ ಕಾಯಿದೆ, 1963ರದು. ಬ್ಯಾರೆಯವರ ಹೊಲವನ್ನ ಹನ್ನೆರಡು ವರ್ಷ ನಡುವ ಬಿಡದಂಗ ವಹಿವಾಟು ಮಾಡಿದ್ರ ಹೊಲದ ಮಾಲೀಕ ಕೋರ್ಟಿಗೆ ಹೋಗೂ ಹಕ್ಕು ಕಳಕೊಳ್ತಾನ. ಸರಕಾರದ ಜಾಗಾ ಆದ್ರ ಮೂವತ್ತು ವರ್ಷ. ‘ಪ್ರತಿಕೂಲ ಸ್ವಾಧೀನ’ ಅಂತ ಅದಕ್ಕ ಹೆಸರು. ಆದ್ರ ಕದ್ದು ಮುಚ್ಚಿ ಉತ್ತರ ಆಗೂದಿಲ್ಲ. ಮಾಲೀಕನ ಕಣ್ಣೆದುರಿಗೆ, ‘ಇದು ನಂದು’ ಅಂತ ಎದಿ ತಟ್ಟಿ ಉಳಬೇಕು. ‘ನಿಮ್ಮದಽ ಸಾಹೇಬರ, ನಾ ಸುಮ್ಮನ ಉಳ್ತೀನಿ’ ಅಂದಾಂವ ನೂರು ವರ್ಷ ಉತ್ತರೂ ಹಕ್ಕು ಹುಟ್ಟೂದಿಲ್ಲ.

— ಅಂದ್ರ ಹೈದರ ಇಪ್ಪತ್ತೊಂದು ವರ್ಷ ಆಳಿದ್ರೂ…

— ದಸರಾಕ್ಕೊಮ್ಮೆ ‘ಮಾಲೀಕ ನೀವಽ’ ಅಂತ ಒಪ್ಪಿಕೊಂಡಂಗ ಆತಲ್ಲ! ಅವನ ಕೇಸು ನಿಲ್ಲೂದಿಲ್ಲ. ಮಗ ಟಿಪ್ಪು ಇದನ್ನ ತಿಳಕೊಂಡಿದ್ದ ಅಂತ ಕಾಣ್ತೈತಿ. 1796ರಾಗ ಆಗಿನ ಒಡೆಯರು ತೀರಿದ ಮ್ಯಾಲ ಇನ್ನೊಬ್ಬರನ್ನ ಕುಂದರಿಸಲಿಲ್ಲ.

— ಆದ್ರ ಹೈದರಗ ಆ ಹೆಸರು ಇಟ್ಟು, ಪುಸ್ತಕ ತುಂಬ ಬರದು, ಜಗತ್ತಿಗೆ ಹಂಚಿದವರು ಇಂಗ್ಲಿಷರಽ ರಿ. 1799ರಾಗ ಐದು ವರ್ಷದ ಕೂಸು ಮುಮ್ಮಡಿ ಕೃಷ್ಣರಾಜರನ್ನ ಗಾದಿಗೆ ಕುಂದರಿಸಿ ‘ಕಸಿದವರ ಕೈಯಿಂದ ಬಿಡಿಸಿ ಹಕ್ಕುದಾರರಿಗೆ ಕೊಟ್ವಿ’ ಅಂದ್ರು. ಮೂವತ್ತೆರಡು ವರ್ಷ ಆಗೂದರಾಗ, 1831ರಾಗ, ಅದಽ ಅರಸನ ಕೈಯಿಂದ ಆಡಳಿತ ತಾವಽ ತಗೊಂಡ್ರು. ತಿರುಗಿ ಕೊಟ್ಟಿದ್ದು 1881ಕ್ಕ. ಐವತ್ತು ವರ್ಷ. ಆ ಐವತ್ತು ವರ್ಷಕ್ಕ ಅವರು ಇಟ್ಟ ಹೆಸರು ‘ಕಮಿಷನರ ಆಡಳಿತ’.

— ಹೆಸರು ಬರಿಯೂ ಪೆನ್ನು ಯಾರ ಕೈಯಾಗ ಐತಿ ಅನ್ನೂದು ನೋಡು. ನಾ ಮೂವತ್ತು ವರ್ಷ ಆ ಪೆನ್ನು ಹಿಡಿದೀನಿ. ಅದರ ಭಾರ ನನಗ ಗೊತ್ತೈತಿ.

— ಕಿತ್ತೂರಿನಾಗೂ ಅದಽ ಆತು. 1824ರ ಸಪ್ಟೆಂಬರದಾಗ ಶಿವಲಿಂಗರುದ್ರಸರ್ಜ ತೀರಿಕೊಂಡ್ರು. ದತ್ತಕ ತಗೊಂಡಿದ್ರು, ಥ್ಯಾಕರೆ ಒಪ್ಪಲಿಲ್ಲ. ‘ವಾರಸಿಲ್ಲ’ ಅಂದ. ಮನಿಯವರು ಮಗ ಅಂತಾರ, ಧಾರವಾಡದಾಗ ಕುಂತ ಕಲೆಕ್ಟರ ಅಲ್ಲ ಅಂತಾನ! ಅಕ್ಟೋಬರ 23ಕ್ಕ ಅವ ಕೋಟೆ ಮುಂದ ಬಿದ್ದ, ಡಿಸೆಂಬರದಾಗ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಾಗ ಸೆರೆಯಾಗಿದ್ದುಕೊಂಡಽ 1829ರಾಗ ತೀರಿಹೋದ್ಳು. ಕಂಪನಿ ಕಾಗದದಾಗ ಇವರೆಲ್ಲಾ ‘ಬಂಡಾಯ’ದವರು. ಗಾದಿ ಕಳಕೊಂಡವರು ಬಂಡುಗಾರರು, ತಗೊಂಡವರು ಸರಕಾರ.

— ಬಂಡಾಯ ಈಗ ಮಾನದ ಶಬ್ದ ಆಗೈತಲ್ಲ.

— ಆಗೈತ್ರಿ. 1980ರಾಗ ನರಗುಂದ, ನವಲಗುಂದ ರೈತರು ಎದ್ದಾಗ ಅದಕ್ಕ ‘ರೈತ ಬಂಡಾಯ’ ಅಂತಽ ಅಂದ್ರು, ಹೆಮ್ಮಿಯಿಂದ. ಸಾಹಿತ್ಯಾನೂ ಬಂಡಾಯ ಆತು. ಸರ್ವಾಧಿಕಾರಿ ಇಳಿದ, ಬಂಡಾಯ ಏರ್ತು. ಹಂಗಂತ ‘ಯೂಸರ್ಪರ್’ಗ ಕನ್ನಡ ಸಿಗಲಿಲ್ಲ.

— ಅವಸರ ಮಾಡಬ್ಯಾಡ. ಕಲಚುರಿ ಬಿಜ್ಜಳಗ ಏನಂದಾರ ನಮ್ಮ ಮಂದಿ?

— ‘ಬಿಜ್ಜಳ’ ಅಂದಾರ, ಅಷ್ಟಽ.

— ಅವ ಚಾಲುಕ್ಯರ ಮಾಂಡಲಿಕ. ತರ್ದವಾಡಿ ನಾಡು ನೋಡಿಕೊಂಡಿದ್ದಾವ, ಮಂಗಳವೇಡೆದಾಂವ. ಮೂರನೇ ತೈಲಪನ ಕೈ ಸೋತಿದ್ದು ನೋಡಿ ಒಂದೊಂದಽ ಹೆಜ್ಜಿ ಒಳಗ ಇಟ್ಟ. 1162ರ ಸುಮಾರಿಗೆ ಚಕ್ರವರ್ತಿ ಬಿರುದು ತಾನಽ ಹಾಕ್ಕೊಂಡ. ಹೈದರ ಮಾಡದ್ದನ್ನ ಇವ ಮಾಡಿದ. 9ನೇ ಕಲಂದಾಗ ಹೆಸರು ಹಚ್ಚಿಸಿಕೊಂಡ. ಮತ್ತ ಇದಕ್ಕ ಸಾಕ್ಷಿ ಹಾಕಿದವರು ಯಾರು? ನಮ್ಮ ಮಗ್ಗಲದವರು, ಕೊಲ್ಹಾಪುರದ ಶಿಲಾಹಾರರು. ವಿಜಯಾದಿತ್ಯನ ನೆರವಿನಿಂದ ಬಿಜ್ಜಳ ಚಕ್ರವರ್ತಿ ಪದವಿ ಏರಿದ ಅಂತ ಅವರ ಶಾಸನ ಹೇಳ್ತೈತಿ. ಮುಚ್ಚಿ ಇಟ್ಟಿಲ್ಲ, ಹೆಗ್ಗಳಿಕೆಯಿಂದ ಕೊರೆಸ್ಯಾರ! ಆ ವಿಜಯಾದಿತ್ಯನ ಮಗ ಎರಡನೇ ಭೋಜ, ಪನ್ಹಾಳದ ಭೋಜ.

— ನಮ್ಮೂರ ಹೆಸರು…

— ಅಲ್ಲೇ ನಿಲ್ಲು. ಊರ ಹೆಸರಿಗೂ ಅವಂಗೂ ಗಂಟು ಹಾಕಬ್ಯಾಡ. ಹೆಸರು ಒಂದಾದ ಮಾತ್ರಕ್ಕ ಬೀಗರಾಗೂದಿಲ್ಲ. ಆ ಭೋಜನ ರಾಜ್ಯವನ್ನೂ ಮುಂದ ಯಾದವರ ಸಿಂಘಣ ನುಂಗಿದ. ಮಗ್ಗಲದವನ ಗಾದಿಗೆ ಕೈ ಹಚ್ಚಿದವರ ಮನಿಗೂ ಒಬ್ಬ ಬಂದಽ ಬಂದ.

— ಅದನ್ನ ನಾ ಒಪ್ಪೂದಿಲ್ರಿ. ಕೈ ಹಚ್ಚದವರ ಮನಿಗೂ ಬಂದಾರ. ಅದಿರಲಿ, ಬಿಜ್ಜಳ ಅಂದ್ರ ನಮಗ ಬಸವಣ್ಣನ ನೆನಪು, ಕಲ್ಯಾಣದ ನೆನಪು. ಲಂಕೇಶರ ‘ಸಂಕ್ರಾಂತಿ’, ಕಾರ್ನಾಡರ ‘ತಲೆದಂಡ’ ಎರಡರಾಗೂ ಅವನಽ. ಶರಣರಿಗೆ ಏನು ಮಾಡಿದ ಅಂತ ಎಲ್ಲಾರೂ ಕೇಳ್ತೀವಿ, ತೈಲಪಗ ಏನು ಮಾಡಿದ ಅಂತ ಯಾರೂ ಕೇಳೂದಿಲ್ಲ. ಗಾದಿ ಕಸಿದದ್ದು ಅವನ ತಪ್ಪಿನ ಪಟ್ಟಿಯಾಗಽ ಇಲ್ಲ.

— ಯಾಕಿಲ್ಲ ಅನ್ನೂದಽ ನಿನ್ನ ಪ್ರಶ್ನೆಗೆ ಉತ್ತರ. ಗುಡಿ ಮುಂದಿನ ಶಾಸನ ಕಲ್ಲು ಓದು. ಕಡೀಕ ಏನಿರ್ತೈತಿ?

— ಶಾಪ. ದಾನದ ಭೂಮಿ ಕಸಿದಾಂವ ಅರವತ್ತು ಸಾವಿರ ವರ್ಷ ಮಲದಾಗಿನ ಹುಳ ಆಗ್ತಾನ. ಕಾದವಗ ಪುಣ್ಯ, ಅಳಿದವಗ ಕಪಿಲೆ ಆಕಳ ಕೊಂದ ಪಾಪ.

— ಭೂಮಿ ಕಸಿದವಗ ಅರವತ್ತು ಸಾವಿರ ವರ್ಷ. ಗಾದಿ ಕಸಿದವಗ?

— ಏನೂ ಇಲ್ಲ.

— ಏನೂ ಇಲ್ಲ! ನಾಲ್ಕು ಮತ್ತರು ಗದ್ದಿ ಕಸಿದವ ಹುಳ, ಇಡೀ ಕುಂತಳ ನಾಡು ಕಸಿದವ ಭುಜಬಲ ಚಕ್ರವರ್ತಿ. ಕಲ್ಲು ಕೊರೆಸಾವ ಅವನಽ ಆದ ಮ್ಯಾಲ ಶಾಪ ಹೆಂಗ ಬರ್ತೈತಿ? ಮಂದಿಗಂತೂ ಕಲ್ಯಾಣದ ಗದ್ದಿಗಿ ಮ್ಯಾಲ ಯಾರು ಕುಂತ್ರೂ ಒಂದಽ, ತೆರಿಗಿ ತಪ್ಪೂದಿಲ್ಲ. ತಮ್ಮ ಹೊಲದ ಬಾಂದ ಒಡೆದ್ರ ಮಾತ್ರ ಜೀವ ಹೋಗ್ತೈತಿ. ಅದಕ್ಕ ಅಲ್ಲಿ ಶಬ್ದ ಹುಟ್ಟ್ಯಾವ, ಇಲ್ಲಿ ಹುಟ್ಟಿಲ್ಲ. ಹೊಲದವಗ ಎಷ್ಟು ಶಬ್ದ ಬೇಕು? ಬಾಂದ ಒಡೆದ, ಹೊಲ ಒತ್ತಿದ, ಕಲ್ಲು ಸರಿಸಿದ, ಒತ್ತುವರಿ ಮಾಡಿದ, ಕಬಜಾ ಕುಂತ.

— ಒತ್ತುವರಿ… ಕಾಕಾ, ಇದು ಭಾಳ ಚಲೋ ಐತ್ರಿ. ಒಮ್ಮಿಗೇ ಕಸಿಯೂದಲ್ಲ, ವರ್ಷಕ್ಕೊಂದು ಸಾಲು ಒಳಗ ಒತ್ತೂದು. ಬಿಜ್ಜಳ ಮಾಡಿದ್ದೂ ಅದಽ, ದಳವಾಯಿಗಳು ಮಾಡಿದ್ದೂ ಅದಽ. ‘ಗದ್ದಿಗಿ ಒತ್ತುವರಿದಾರ’.

— ಗದ್ದಿಗಿ ಅಂದ್ರ ನಮ್ಮ ಕಡೆ ಸ್ವಾಮಿಗಳ ಸಮಾಧಿ. ಓದಿದವರು ಯಾರೋ ಮಠದ ಜಾಗಾಕ್ಕ ಬೇಲಿ ಹಾಕ್ಯಾರ ಅಂತ ತಿಳಕೊಂಡಾರು.

— ಅದನ್ನೂ ಹಾಕಾವರು ಅದಾರ ಬಿಡ್ರಿ. ಆದ್ರ ನನಗ ಒಂದು ಅನುಮಾನ. 12ನೇ ಕಲಂದಾಂವ ಯಾವಾಗಲೂ ತಪ್ಪಽ ಏನ್ರಿ? 1974ರ ಕುಳ ಕಾಯಿದೆ?

— ಹೂಂ. ಅದನ್ನ ಕೇಳ್ತೀ ಅಂತ ಗೊತ್ತಿತ್ತು. ಮಾರ್ಚ್ 1ಕ್ಕ ಗೇಣಿ ಹೊಲ ಎಲ್ಲಾ ಸರಕಾರದ ಪಾಲಾದವು. ಉಳುವವನಽ ಒಡೆಯ ಅಂದ್ರು ದೇವರಾಜ ಅರಸರು. 7ನೇ ನಮೂನೆ ಅರ್ಜಿ ತುಂಬಿ ಭೂನ್ಯಾಯಮಂಡಳಿ ಮುಂದ ನಿಂತ ಮಂದಿ! ಹೆಬ್ಬಟ್ಟು ಒತ್ತೂ ಕೈಗಳು ನಡುಗ್ತಿದ್ದವು. ಮೂರು ತಲೆಮಾರು 12ನೇ ಕಲಂದಾಗಿದ್ದವರು 9ಕ್ಕ ಬಂದ್ರು. ಎಷ್ಟೋ ಮಂದಿ ಹೆಸರು ಅಲ್ಲಿತನಕ 12ರಾಗೂ ಇದ್ದಿಲ್ಲ. ಧಣಿ ಹೇಳಿದಂಗ ಬರದಿಟ್ಟಿದ್ರು ಹಿಂದಿನವರು. ಹೊಲ ಕಳಕೊಂಡ ವಾಡೇದವರು ‘ಕುಳಗೋಳು ನುಂಗಿದ್ರು’ ಅಂತ ಇವತ್ತಿಗೂ ಅಂತಾರ. ಅವರ ಬಾಯಾಗ ಕುಳ ಅಂದ್ರ ನಿನ್ನ ಯೂಸರ್ಪರ್.

— ನಿಮ್ಮ ಬಾಯಾಗ?

— ಬೆವರು ಹಾಕಿ ಉತ್ತದ್ದು ಬ್ಯಾರೆ, ಕುಂತು ಒತ್ತಿದ್ದು ಬ್ಯಾರೆ. ಲ್ಯಾಟಿನ್ ಇವೆರಡಕ್ಕೂ ‘ಬಳಕೆ’ ಅಂದಿರಬಹುದು, ನಾ ಅನ್ನೂದಿಲ್ಲ.

— ಹಂಗಾದ್ರ ಇದಕ್ಕೇನಂತೀರಿ? ಪಂಚಾಯತಿಯಾಗ ಅರ್ಧ ಜಾಗಾ ಹೆಣ್ಣುಮಕ್ಕಳಿಗೆ ಮೀಸಲು. ಎಷ್ಟೋ ಊರಾಗ ಅಧ್ಯಕ್ಷಿಣಿ ಮನಿಯಾಗ ರೊಟ್ಟಿ ಬಡಿತಿರ್ತಾಳ, ಗಂಡ ಖುರ್ಚಿಯಾಗ ಕುಂತು ಠರಾವು ಓದ್ತಿರ್ತಾನ. 9ನೇ ಕಲಂದಾಗ ಆಕಿ, 12ನೇ ಕಲಂದಾಗ ಅವ. ಸಹಿ ಬೇಕಾದಾಗ ಮಾತ್ರ ವಹಿ ಮನಿಗೆ ಬರ್ತೈತಿ. ಅವಂಗ ಊರ ಮಂದಿ ಏನಂತಾರ ಗೊತ್ತೈತೇನ್ರಿ? ‘ಅಧ್ಯಕ್ಷರು’ ಅಂತಾರ. ಅದೂ ಬಹುವಚನದಾಗ.

— ಅದು ಹೈದರನ ದಸರಾಕ್ಕಿಂತ ಸೋವಿ ಆತು. ಅವ ವರ್ಷಕ್ಕೊಮ್ಮೆಯಾದ್ರೂ ರಾಜನ್ನ ಹೊರಗ ಕರಕೊಂಡು ಬರ್ತಿದ್ದ.

— ನಗಬ್ಯಾಡ್ರಿ.

— ನಗಾಕತ್ತಿಲ್ಲ. ನಮ್ಮ ಭಾಷಾದ ಹಣೆಬರಹ ನೋಡಾಕತ್ತೀನಿ. ಬಿಟ್ಟುಕೊಟ್ಟವರಿಗೆ ಎಷ್ಟು ಶಬ್ದ ಅದಾವ! ತ್ಯಾಗಿ, ವಿರಾಗಿ, ನಿರ್ಗ್ರಂಥ. ಈ ಊರಾಗಽ ನೋಡು. ಶಾಂತಿಸಾಗರ ಆಚಾರ್ಯರು 1872ರಾಗ ಹುಟ್ಟಿದವರು. ಇಲ್ಲಿಯ ಪಾಟೀಲರ ಮನಿ ಮಗ ಸಾತಗೌಡ. ಪಾಟೀಲಕಿ ಅಂದ್ರ ಆಗ ಊರಿನ ಗಾದಿನಽ. ಮನಿ, ಹೊಲ ಬಿಟ್ರು, ಕಡೀಕ ಅರಿವೀನೂ ಬಿಟ್ರು. 1920ರಾಗ ಯರನಾಳದಾಗ ಮುನಿದೀಕ್ಷೆ. 1955ರಾಗ ಕುಂಥಲಗಿರಿಯಾಗ ಸಲ್ಲೇಖನ ಮಾಡಿ ಅನ್ನಾನೂ ಬಿಟ್ರು. ಅವರಿಗೆ ಏನಂತ ಕರೀಬೇಕು ಅಂತ ಯಾರೂ ಎರಡು ದಿನ ತಲಿ ಕೆಡಿಸಿಕೊಂಡಿಲ್ಲ.

— ಬಿಟ್ಟವರನ್ನ ಹೊಗಳಾಕ ಅಂಜಿಕಿ ಇಲ್ಲಲ್ರಿ. ಹಿಡಿದವಗ ಹೆಸರಿಡಾಕ ಅಂಜಿಕಿ. ಸರಿ, ನಾ ಹಿಂಗ ಮಾಡ್ತೀನಿ. ನಾಮಪದ ಬಿಟ್ಟು ಕ್ರಿಯಾಪದ ಹಿಡೀತೀನಿ. ‘ಯೂಸರ್ಪರ್’ ಬಂದಲ್ಲೆಲ್ಲಾ ಯಾರ ಕೈಯಿಂದ ಕಸಿದ ಅಂತ ಬಿಡಿಸಿ ಬರೀತೀನಿ. ‘ಅಣ್ಣನ ಮಗನಿಂದ ಗದ್ದುಗೆ ಕಸಿದುಕೊಂಡವನು’. ‘ಕಸಿ’ ಅಂದ ಕೂಡಲೆ ಕನ್ನಡ ಓದುವವ ‘ಯಾರಿಂದ?’ ಅಂತ ಕೇಳಽ ಕೇಳ್ತಾನ. ಇಂಗ್ಲಿಷ್ ಶಬ್ದದಾಗ ಕಳಕೊಂಡವ ಕಾಣೂದಽ ಇಲ್ಲ.

— ಚಲೋ ಆತು. ನನ್ನ ದಫ್ತರಿನಾಗೂ ಅದಽ ನಿಯಮ. ಹೆಸರು ಕಡಿಮಿ ಮಾಡಿದ್ರ ಯಾಕ, ಯಾರದು, ಯಾವ ಆದೇಶದ ಮ್ಯಾಲ ಅಂತ ಬರೀಬೇಕು. ಹೆಸರು ಸುಮ್ಮನ ಅಳಿಸಾಕ ಬರೂದಿಲ್ಲ.

— ಒತ್ತುವರಿ ಮಾತ್ರ ಒಂದು ಕಡೆ ಬಳಸ್ತೀನ್ರಿ, ಬಿಡಾಕ ಮನಸಿಲ್ಲ. ಅಂದಂಗ ಈ ನಕಾಶಾದಾಗ ಕೆಂಪು ಗೆರಿ ಯಾಕ ಹೊಡೆದೀರಿ? ಇದು ಹೊಳಿ ದಂಡಿ ಹೊಲ ಅಲ್ಲೇನ್ರಿ?

— ಹೌದು. ಹೊಳಿ ಬಂದಾಗ ಬಾಂದನೂ ಹೋತು, ಗುರ್ತಿನ ಕಲ್ಲೂ ಹೋದವು. ಇಳಿದ ಮ್ಯಾಲ ಯಾರ ಹೊಲ ಎಲ್ಲಿತನಕ ಅಂತ ತಿಳೀದಂಗ ಆತು. ಆ ಕಡೆಯವರು ಅಳತಿ ಮಾಡಸ್ರಿ ಅಂತ ಅರ್ಜಿ ಕೊಟ್ಟಾರ. ನಾಲ್ಕು ಗುಂಟೆ ಹೆಚ್ಚು ಕಡಿಮಿ ಆಗೈತಿ ಅಂತಾರ.

— ಯಾರ ಕಡೆ ಹೆಚ್ಚು?

— ನಮ್ಮ ಕಡೆ.

— ಅಲ್ಲಿ ಕಬ್ಬು ನಿಂತೈತಲ್ರಿ?

— ನಮ್ಮದಽ. ಈ ಕಬ್ಬು ಫ್ಯಾಕ್ಟರಿಗೆ ಹ್ವಾದ ಮ್ಯಾಲ ಬಿಟ್ಟುಕೊಡೂನು ಅಂತ ನಿಮ್ಮಪ್ಪ ಹೇಳ್ಯಾನ. ಹ್ವಾದ ವರ್ಷಾನೂ ಹಂಗಽ ಹೇಳಿದ್ದ.

— ಕಾಕಾ, ಆ ಹೊಳಿ ಬಂದಿದ್ದು ಯಾವಾಗ್ರಿ?

— 2019ರ ಆಗಸ್ಟದಾಗ.

— ಹಂಗಾದ್ರ ಹನ್ನೆರಡು ವರ್ಷ…

— 2031ಕ್ಕ ತುಂಬ್ತಾವ. ನಿಮ್ಮಪ್ಪಗೂ ಗೊತ್ತೈತಿ.